ಡೌನ್‌ಲೋಡ್ ಮಾಮಿಯ ದಾನ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, "ಏನೋ, ನನ್ನನ್ನೂ ಜೆರಾಕ್ಸ್ ಮಾಡಿ ಊರಿಗೆಲ್ಲ ಹಂಚ್ತಿದೀಯಾ?" ಎಂದು ಜಗಳಕ್ಕೆ ನಿಂತಾರು. ವೆಸ್ಟ್ ಮಾಂಬಲಂನ ಅವರ ಬೀದಿಯಲ್ಲಿ ತರಕಾರಿಯವನಿಂದ ಇಸ್ತ್ರಿಯವನ ತನಕ ಎಲ್ಲರಿಗೂ ಅವರು 'ಡೌನ್‌ಲೋಡ್ ಮಾಮಿ' ಆಗಿದ್ದರು. ಬಿರುದು ಕೊಟ್ಟವರು ತಮಿಳರು. ಮಾಮಿ ಮಾತ್ರ ಮೈಸೂರು ಕಡೆಯಿಂದ ಮುತ್ತಜ್ಜನ ಕಾಲದಲ್ಲೇ ಮದರಾಸಿಗೆ ಬಂದು ನೆಲೆನಿಂತ ಮಾಧ್ವರ ಮನೆಯವರು. ಅವರ ಕನ್ನಡದಲ್ಲಿ ನಡುನಡುವೆ ತಮಿಳು ಇಣುಕುತ್ತಿತ್ತು, ಬೈಯುವಾಗ ಮಾತ್ರ ಅಚ್ಚ ಕನ್ನಡ ಬರುತ್ತಿತ್ತು. ಅವರು ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಅಷ್ಟರಲ್ಲೇ ಅವರ ಬಗ್ಗೆ ಬರೆಯಲು ಕೂತಿರುವುದಕ್ಕೆ ಕಾರಣವಿದೆ, ಕೊನೆಗೆ ಹೇಳುತ್ತೇನೆ.

ನಾನು ಅವರನ್ನು ಮೊದಲು ಕಂಡದ್ದು ವಿಮಾ ಕಚೇರಿಯಲ್ಲಿ. ನಾನು ಹೊಸಬ, ಅವರು ಕ್ಲೇಮು ವಿಭಾಗದ ಹಿರಿಯರು. ಮಧ್ಯಾಹ್ನ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಸರನ್ನ ತಿನ್ನುತ್ತಿದ್ದೆ. ಎದುರಿಗೆ ಬಂದು ಕೂತು, ಏನು ಕೇಳುತ್ತಿದ್ದೀಯ ಎಂದರು. ಹೇಳಿದೆ.

"ಆ ಹಾಡು ನಿನ್ನದಾ?"

"ಅಂದ್ರೆ?"

"ನಿಂದೇನಾ ಅಂತ. ಮುಂದಿನ ತಿಂಗಳು ನೀನು ದುಡ್ಡು ಕಟ್ಟಲಿಲ್ಲ ಅಂದ್ರೆ ಅದು ನಿನ್ನ ಹತ್ರ ಇರತ್ತಾ?"

ಇರುವುದಿಲ್ಲ ಎಂದು ಒಪ್ಪಿಕೊಂಡೆ.

"ಹಾಗಾದ್ರೆ ಅದು ವಾಡಗೆ ಪಾಟ್ಟು," ಎಂದರು. ಬಾಡಿಗೆ ಹಾಡು. "ಬಾಡಿಗೆ ಮನೇಲಿ ಗೋಡೆಗೆ ಒಂದು ಮೊಳೆ ಹೊಡೀಬೇಕಾದ್ರೂ ಓನರನ್ನ ಕೇಳಬೇಕು. ಹೋಗ್ಲಿ ಪಾಪ, ಊಟ ಮಾಡು."

ನನ್ನ ಹರಿತವಾದ ಉತ್ತರಗಳೆಲ್ಲ ಸಂಜೆ ಲೋಕಲ್ ಟ್ರೈನಿನಲ್ಲಿ ಹೊಳೆದವು. ತಿಂಗಳಿಗೊಂದು ಸಣ್ಣ ಮೊತ್ತಕ್ಕೆ ಜಗತ್ತಿನ ಸಂಗೀತವೆಲ್ಲ ಜೇಬಿನಲ್ಲಿರುವಾಗ ಯಾವ ಹುಚ್ಚ ಒಂದೊಂದೇ ಹಾಡು ಕೊಳ್ಳುತ್ತಾನೆ? ಮರುದಿನ ಇದನ್ನೇ ಕೇಳಿದೆ. "ನಾನು," ಎಂದರು.

ಹಾಗೆಂದು ಅವರು ಹಳೆಯದನ್ನು ತಬ್ಬಿಕೊಂಡು ಕೂತವರೇನೂ ಅಲ್ಲ. ಒಂದು ಕಾಲಕ್ಕೆ ಅವರ ಮನೆಯ ಹಾಲಿನಲ್ಲಿ ಗೋಡೆ ತುಂಬ ಡಿಸ್ಕುಗಳಿದ್ದವಂತೆ. ಒಂದು ವರ್ಷ ಮಳೆನೀರು ನೆಲಮಹಡಿಗೆ ನುಗ್ಗಿ, ಕೆಳಗಿನ ಮೂರು ಸಾಲು ಚರಂಡಿಯ ಕೆಸರಿನಲ್ಲಿ ಅದ್ದಿ ಹೋದವು. ಉಳಿದದ್ದಕ್ಕೆ ಮದರಾಸಿನ ಸೆಕೆ ಬೂಷ್ಟು ಹಿಡಿಸಿತು. ಮಾಮಿ ಎರಡು ದಿನ ಅತ್ತರು, ಮೂರನೆಯ ದಿನ ಕಂಪ್ಯೂಟರು ಕೊಂಡರು. ಅಂದಿನಿಂದ ಡೌನ್‌ಲೋಡು. ಊರೆಲ್ಲ ಪುಕ್ಕಟೆ ಇಳಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇವರು ಕಾರ್ಡು ತೆಗೆದು, ಅದರ ನಂಬರನ್ನು ಗಟ್ಟಿಯಾಗಿ ಓದಿಕೊಳ್ಳುತ್ತ, ದುಡ್ಡು ಕೊಟ್ಟು ಇಳಿಸುತ್ತಿದ್ದರು. ಕಚೇರಿಯವರು ನಕ್ಕರೆ, "ತರಕಾರಿಯವನ ಹತ್ರ ಕೊತ್ತಂಬರಿ ಕೊಸರು ಕೇಳ್ತೀನಿ. ಹಾಡೋರ ಹತ್ರ ಕೇಳಲ್ಲ," ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ಬರಿಯ ಪ್ರಾಮಾಣಿಕ ಗಿರಾಕಿ ಆಗಿರುತ್ತಿದ್ದರು. ಅವರ ನಿಜವಾದ ಹುಚ್ಚು ನನಗೆ ಗೊತ್ತಾದದ್ದು ಒಂದು ವೀಣೆಯ ರೆಕಾರ್ಡಿಂಗನ್ನು ಅವರಲ್ಲಿ ಕೇಳಿದಾಗ. ಭಾನುವಾರ ಬೆಳಿಗ್ಗೆ ಮನೆಗೆ ಬಾ, ಪೆನ್‌ಡ್ರೈವ್ ತಾ ಎಂದರು. ಹೋದೆ. ಫೈಲನ್ನು ನನ್ನ ಡ್ರೈವಿಗೆ ಹಾಕಿದರು. ಸರಿಯಾಗಿ ಬಂದಿದೆಯೇ ಎಂದು ಸ್ವಲ್ಪ ಹೊತ್ತು ನುಡಿಸಿ ನೋಡಿದರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿದ್ದದ್ದನ್ನು ನನ್ನ ಕಣ್ಣೆದುರೇ ಅಳಿಸಿದರು. ಅಷ್ಟಕ್ಕೇ ಬಿಡದೆ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದರು. ದೇವರ ಮುಂದಿನಿಂದ ಒಂದು ತುಳಸಿದಳ ತಂದು ಪೆನ್‌ಡ್ರೈವಿನ ಮೇಲಿಟ್ಟು, "ಕೃಷ್ಣಾರ್ಪಣ" ಎಂದು ನನ್ನ ಕೈಗೆ ಕೊಟ್ಟರು.

ನಾನು ಬೆಪ್ಪಾದೆ. "ಅಳಿಸಿದ್ದು ಯಾಕೆ? ಕಾಪಿ ಕೊಟ್ಟರೆ ಸಾಕಾಗಿತ್ತಲ್ಲ!"

"ಕೊಟ್ಟ ಮೇಲೂ ನನ್ನ ಹತ್ರ ಇದ್ರೆ ಅದು ದಾನ ಅಲ್ಲ ಕಣೋ, ಜೆರಾಕ್ಸ್."

"ಫೈಲಿನ ಲಾಭವೇ ಅದಲ್ವಾ ಮಾಮಿ? ಕೊಟ್ಟರೂ ಕಡಿಮೆ ಆಗಲ್ಲ."

"ಗೋದಾನ ಮಾಡಿ ಹಗ್ಗ ಕೈಯಲ್ಲೇ ಇಟ್ಕೊಂಡ್ರೆ ಹಸು ಯಾರದ್ದು? ಡಿಸ್ಕ್ ಇದ್ದಾಗ ಈ ತೊಂದರೆಯೇ ಇರಲಿಲ್ಲ. ಕೊಟ್ರೆ ಕೈ ಖಾಲಿ, ಅಷ್ಟೇ. ಈಗ ಖಾಲಿ ಮಾಡೋ ಕೆಲಸಾನೂ ನಾನೇ ಮಾಡ್ಬೇಕು."

ನಾನೂ ಬಿಡಲಿಲ್ಲ. ವಿದ್ಯಾದಾನ ಎಂಬುದೊಂದು ಇದೆಯಲ್ಲ, ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎನ್ನುತ್ತಾರಲ್ಲ ಎಂದೆ. ಮಾಮಿ ಕನ್ನಡಕದ ಮೇಲಿಂದ ನೋಡಿದರು. "ನನಗೆ ವೀಣೆ ಬಾರಿಸಕ್ಕೆ ಬರತ್ತಾ? ಇಲ್ಲ. ನಿನಗೆ? ಇಲ್ಲ. ಆಮೇಲೆ ಎಲ್ಲಿಂದ ಬಂತು ವಿದ್ಯೆ?"

ಆ ಹಾಡು ಮತ್ತೆ ಬೇಕೆನಿಸಿದರೆ ಮತ್ತೆ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಕೆಲವನ್ನು ಎಷ್ಟು ಸಲ ಕೊಂಡಿದ್ದರೋ ಅವರಿಗೇ ನೆನಪಿರಲಿಲ್ಲ. ಪಡೆದವರಿಂದಲೂ ಒಂದು ಮಾತು ತೆಗೆದುಕೊಳ್ಳುತ್ತಿದ್ದರು: ಹಾಡು ಒಂದೇ ಕಡೆ ಇರಬೇಕು, ಇನ್ನೊಬ್ಬರಿಗೆ ಕೊಟ್ಟರೆ ನೀನೂ ಅಳಿಸಬೇಕು. ಗೌರಿಹಬ್ಬದಲ್ಲಿ ಅವರು ಕೊಡುವ ಮರದ ಬಾಗಿನದಲ್ಲಿ ಬಳೆಬಿಚ್ಚೋಲೆ, ಅರಿಶಿನ ಕುಂಕುಮ, ಬೇಳೆಬೆಲ್ಲದ ನಡುವೆ ಒಂದು ಪೆನ್‌ಡ್ರೈವೂ ಕೂತಿರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಅದನ್ನು ತಿರುಗಿಸಿ ನೋಡಿ ನಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಇದು ಅತಿ ಎನಿಸುತ್ತಿತ್ತು. ಆದರೆ ಅವರು ಕೊಟ್ಟ ವೀಣೆಯನ್ನು ಕೇಳುವಾಗ, ಈಗ ಇದು ಅವರಲ್ಲಿಲ್ಲ ಎಂಬ ಅರಿವು ನನ್ನನ್ನು ನೆಟ್ಟಗೆ ಕೂರಿಸುತ್ತಿತ್ತು. ಆಪಿನ ಯಾವ ಹಾಡಿಗೂ ನಾನು ಹಾಗೆ ಕೂತವನಲ್ಲ.

ನಿವೃತ್ತರಾಗಿ ಕೆಲವು ವರ್ಷ ಕಳೆದ ಮೇಲೆ ಅವರ ಕಿವಿ ಮಂದವಾಗತೊಡಗಿತು. ವೈದ್ಯರು ಯಂತ್ರ ಹಾಕಿಸಿದರು. ಅದರಲ್ಲಿ ಮಾತು ತಕ್ಕಮಟ್ಟಿಗೆ ಕೇಳುತ್ತಿತ್ತು, ಸಂಗೀತ ಮಾತ್ರ ಕೆಡುತ್ತಿತ್ತು. "ಕೊಳಲು ಊದಿದ್ರೆ ಕುಕ್ಕರ್ ಕೂಗಿದ ಹಾಗಿದೆ," ಎಂದು ನಗುತ್ತಲೇ ಹೇಳಿದರು. ಇನ್ನೂ ಕೆಡುತ್ತದೆ, ನಿಲ್ಲಿಸಲಾಗದು ಎಂದು ವೈದ್ಯರು ಹೇಳಿದ ದಿನ ಸಂಜೆ ನನ್ನನ್ನು ಕರೆಸಿಕೊಂಡರು.

"ಕಿವಿ ಪೂರ್ತಿ ಹೋಗೋದ್ರೊಳಗೆ ಎಲ್ಲಾ ಕೊಟ್ಟುಬಿಡ್ಬೇಕು. ಯಾವ್ದನ್ನ ಯಾರಿಗೆ ಕೊಡ್ಬೇಕು ಅಂತ ಕೇಳಿ ನೋಡಿ ತೀರ್ಮಾನ ಮಾಡ್ಬೇಕು. ಕೇಳ್ದೇ ಕೊಟ್ರೆ ಕಣ್ಣುಮುಚ್ಕೊಂಡು ಹೆಣ್ಣು ಕೊಟ್ಟ ಹಾಗೆ."

ಶುರುವಾಯಿತು ನೋಡಿ. ದಿನವೂ ಸ್ಪೀಕರಿಗೆ ಕಿವಿ ಹಚ್ಚಿ ಕೂತು ಒಂದೊಂದನ್ನೂ ಕೇಳುವುದು, ಇದು ಯಾರಿಗೆ ಎಂದು ಯೋಚಿಸುವುದು, ಆಮೇಲೆ ಕೊಡುವುದು, ಅಳಿಸುವುದು. ಇಸ್ತ್ರಿಯವನಿಗೆ ನಾಗಸ್ವರ ಹೋಯಿತು, ಯಾಕೆಂದರೆ ಅವನ ಊರಿನಲ್ಲಿ ಅವನ ಅಜ್ಜ ಡೋಲು ಬಾರಿಸುತ್ತಿದ್ದನಂತೆ. ಎದುರು ಫ್ಲ್ಯಾಟಿನ ಗುಜರಾತಿ ಸೊಸೆಗೆ ತೊಟ್ಟಿಲ ಪದಗಳು ಹೋದವು. ಮಾಮಿಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಕಡಿಮೆ. ಬೀದಿಯವರಿಗೆ ಅವರು ಬರೀ 'ಮಾಮಾ'. ಬಂದವರಿಗೆಲ್ಲ ಕಾಫಿ ಮಾಡಿಕೊಡುವುದು ಅವರ ಪಾಲಿನ ಕೆಲಸವಾಯಿತು. ಹಾಡುಗಳು ಹೋಗುತ್ತ ಹೋಗುತ್ತ ಕಂಪ್ಯೂಟರಿನಲ್ಲಿ ಕೊನೆಗೆ ಒಂದೇ ಒಂದು ಸಂಪುಟ ಉಳಿಯಿತು.

ಅದು ದೇವರನಾಮಗಳದ್ದು. ಹಾಡಿದವರು ಪುರಸೈವಾಕ್ಕಂನ ಒಬ್ಬ ಕನ್ನಡದ ಹೆಂಗಸು. ಹೆಸರು ಮಾಡಿದವರಲ್ಲ. ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರು ಜೀವಮಾನದಲ್ಲಿ ಒಂದೇ ಸಲ, ಒಂದು ಪುಟ್ಟ ಕಂಪನಿಗೆ, ಇದನ್ನು ಹಾಡಿದ್ದರು. ಮಾಮಿ ದಿನಾ ಬೆಳಿಗ್ಗೆ ತರಕಾರಿ ಹೆಚ್ಚುವಾಗ ಇದನ್ನು ಕೇಳುತ್ತಿದ್ದರು. ಹಲವರಿಗೆ ಕೊಟ್ಟು, ಮತ್ತೆ ಮತ್ತೆ ಕೊಂಡಿದ್ದರು. ಕಿವಿ ಅಷ್ಟು ಕೆಟ್ಟ ಮೇಲೂ ಇದೊಂದು ಮಾತ್ರ ಅವರಿಗೆ ಹಾಡಿನ ಹಾಗೆಯೇ ಕೇಳುತ್ತಿತ್ತು. ಕಿವಿಗೆ ಬೀಳದ್ದನ್ನು ನೆನಪು ತುಂಬಿಕೊಡುತ್ತಿದ್ದಿರಬೇಕು. ಇದನ್ನು ಯಾರಿಗೆ ಎಂದು ಕೇಳಿದರೆ, "ಇರ್ಲಿ, ನೋಡೋಣ," ಎಂದು ಮಾತು ಬದಲಿಸುತ್ತಿದ್ದರು.

ಅಷ್ಟರಲ್ಲಿ ಚೆನ್ನೈ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಬರೆದವಳು ಮೇಘನಾ, ಆ ಹಾಡಿದ ಅಜ್ಜಿಯ ಮೊಮ್ಮಗಳು. ಅಜ್ಜಿಯ ಸಂಪುಟ ಯಾರ ಬಳಿಯಾದರೂ ಇದೆಯೇ? ಕಂಪನಿ ಮುಚ್ಚಿಹೋಗಿದೆ, ಆಪುಗಳಿಂದ ತೆಗೆದುಹಾಕಿದ್ದಾರೆ, ಮನೆಯಲ್ಲಿದ್ದದ್ದು ಕಳೆದುಹೋಗಿದೆ. ನಾನು ಆ ಸಂದೇಶವನ್ನು ಮಾಮಿಗೆ ತೋರಿಸಿ, ಅಲ್ಲಿಂದಲೇ ಆ ಹುಡುಗಿಗೆ ಫೋನು ಮಾಡಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ತಮಿಳಿನಲ್ಲಿ ಉತ್ತರ ಕೊಟ್ಟಳು.

"ಅಜ್ಜಿಕ್ಕು ಅಂದ ಟ್ಯೂನ್ ಮರಂದು ಪೋಚ್ಚು, ಅಂಕಲ್," ಎಂದಳು. ಅಜ್ಜಿಗೆ ಆ ಧಾಟಿಯೇ ಮರೆತುಹೋಗಿದೆ. ಸಂಪುಟದ ಒಂದು ಹಾಡಿಗೆ ಅಜ್ಜಿ ತಾನೇ ಧಾಟಿ ಕಟ್ಟಿದ್ದರಂತೆ. ಅದನ್ನು ಮೊಮ್ಮಗಳಿಗೆ ಕಲಿಸಲು ಕೂತರೆ ಪಲ್ಲವಿ, ಅನುಪಲ್ಲವಿ ಬರುತ್ತದೆ, ಚರಣಕ್ಕೆ ಬಂದರೆ ಏನೂ ಇಲ್ಲ. ಎಂಬತ್ತು ದಾಟಿದ ಹೆಂಗಸು ದಿನವೂ ಅದೇ ಜಾಗಕ್ಕೆ ಬಂದು ನಿಂತು ಅಳುತ್ತಾರಂತೆ. ತಾನು ಕಟ್ಟಿದ್ದು ತನ್ನ ಕಣ್ಣೆದುರೇ ಇಲ್ಲವಾಯಿತಲ್ಲ ಎಂಬ ಸಂಕಟ.

ನಾನು ಇದನ್ನೆಲ್ಲ ಮಾಮಿಯ ಕಿವಿಯ ಬಳಿ ಕೂಗಿ ಹೇಳಿದೆ. ಅವರು ಕಂಪ್ಯೂಟರಿನ ಕಡೆ ತಿರುಗಿ ಕೂತರು. "ಸರಿ, ಯಾರಿಗೆ ಅಂತ ಗೊತ್ತಾಯ್ತು," ಎಂದರು. "ದ್ವಾದಶಿ ಬೆಳಿಗ್ಗೆ ಕರೀ. ಅಜ್ಜಿಗೆ ಕಷ್ಟ ಆದ್ರೆ ಹುಡುಗಿ ಬರ್ಲಿ."

"ಮಾಮಿ, ಇದೊಂದಕ್ಕೆ ಕಾಪಿ ಇಟ್ಕೊಳ್ಳಿ. ಇನ್ನು ಕೊಳ್ಳೋಣ ಅಂದ್ರೂ ಎಲ್ಲೂ ಸಿಗಲ್ಲ," ಎಂದೆ.

"ಸಿಗತ್ತೆ ಅಂದಾಗ ಕೊಟ್ಟಿದ್ದು ಏನು ದೊಡ್ಡದು?"

ದ್ವಾದಶಿಯ ದಿನ ನಾನೂ ಹೋಗಿದ್ದೆ. ಮೇಘನಾ ಲ್ಯಾಪ್‌ಟಾಪಿನೊಂದಿಗೆ ಬಂದಿದ್ದಳು. ಮಾಮಿ ಎಂದಿನಂತೆ ಫೈಲುಗಳನ್ನು ಡ್ರೈವಿಗೆ ಹಾಕಿ, ಅಳಿಸಿ, ಬಿನ್ನು ಖಾಲಿ ಮಾಡಿದರು. ಬೇರೆಯವರಿಗೆಲ್ಲ ಬರೀ ತುಳಸಿ. ಇಲ್ಲಿ ಹಾಡಿದವರಿಗೇ ಹೋಗುತ್ತಿರುವುದರಿಂದ ಶಾಸ್ತ್ರೋಕ್ತವಾಗಿ ಧಾರೆ ಎರೆದೇ ಕೊಡಬೇಕೆಂದು ಹಟ ಹಿಡಿದರು. ಮಾಮಾ ವೀಳ್ಯದೆಲೆಯ ಮೇಲೆ ಪೆನ್‌ಡ್ರೈವಿಟ್ಟು ಹಿಡಿದುಕೊಂಡರು. ಮಾಮಿ ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರೆತ್ತಿದರು. ಎಲೆಯ ತುದಿಗೆ ಒಂದು ಹನಿ ಬಿಟ್ಟರೆ ಮುಗಿಯಿತು. ಆದರೆ ಉದ್ಧರಣೆ ತುಂಬ ನೀರು ಪೆನ್‌ಡ್ರೈವಿನ ಬಾಯೊಳಕ್ಕೇ ಹೋಯಿತು. ಭಕ್ತಿ ಉಕ್ಕಿತೆಂದು ನಾನು ಒಳಗೊಳಗೇ ನಕ್ಕೆ. ಮಾಮಾ ಪಂಚೆಯ ತುದಿಯಿಂದ ಒರೆಸಿ ಕೊಟ್ಟರು. ಮೇಘನಾ ಸಂತೋಷ ತಡೆಯಲಾರದೆ ಅಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಒಂದು ಸಣ್ಣ ದೀಪ ಮಿನುಗಿ ಆರಿತು.

ಅಕ್ಕಿಡಬ್ಬದಲ್ಲಿ ಹೂತಿಟ್ಟು ಒಣಗಿಸಿದ್ದಾಯಿತು. ಪುರಸೈವಾಕ್ಕಂನ ರಿಪೇರಿ ಅಂಗಡಿಯವನು ಬಿಚ್ಚಿ ನೋಡಿ "ಪೋಚ್ಚು ಮಾ," ಎಂದು ಕೈಚೆಲ್ಲಿದ. ಮಾಮಿಯ ಕಂಪ್ಯೂಟರಿನಿಂದ ಅಳಿಸಿದ್ದನ್ನು ಮರಳಿ ಪಡೆಯಲು ಒಬ್ಬ ಪರಿಣತನನ್ನು ಕರೆತಂದೆ, ಅವನಿಂದಲೂ ಆಗಲಿಲ್ಲ. ಮೇಘನಾ ನಮ್ಮೆದುರು ಏನೂ ಅನ್ನಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಒಬ್ಬ ಮುದುಕಿಯ ಜೀವಮಾನದ ಹಾಡು ಒಂದು ಉದ್ಧರಣೆ ನೀರಿನಲ್ಲಿ ಮುಳುಗಿಹೋಯಿತಲ್ಲ! ಸಾಯಂಕಾಲ ಮಾಮಿಯ ಮುಂದೆ ಕೂತು ಅನ್ನಬಾರದ್ದನ್ನೆಲ್ಲ ಅಂದೆ. ಅವರು ಕೊನೆಯ ತನಕ ಕೇಳಿಸಿಕೊಂಡು, "ಬೈದದ್ದು ಸಾಕು. ಈಗ ಹುಡುಕೋದು ಹೇಗೆ ಹೇಳು," ಎಂದರು.

ನೀವು ಹಿಂದೆ ಕೊಟ್ಟವರನ್ನೆಲ್ಲ ಕೇಳೋಣ ಎಂದೆ. ಥಟ್ಟನೆ ಕೈ ಅಡ್ಡ ಹಿಡಿದರು. ಕೊಟ್ಟದ್ದನ್ನು ತಿರುಗಿ ಕೇಳುವುದು ದತ್ತಾಪಹಾರ, ಅದಕ್ಕಿಂತ ದೊಡ್ಡ ಪಾಪವಿಲ್ಲ. "ಹಾಗೆ ಕೇಳಿದೋರು ಹಲ್ಲಿ ಆಗಿ ಹುಟ್ತಾರೆ ಅಂತಿದ್ರು ನಮ್ಮಜ್ಜಿ," ಎಂದರು. ಸರಿ, ಹಲ್ಲಿಯಾದರೆ ನಾನಾಗುತ್ತೇನೆ ಎಂದು ಹೇಳಿ ಅವರ ಎದುರಿಗೇ ಕೂತು ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ಒಬ್ಬರ ಫೋನು ಕಳೆದಿತ್ತು. ಇನ್ನೊಬ್ಬರು ಬಾಗಿನದ ಪೆನ್‌ಡ್ರೈವನ್ನು ಮಗನ ಪ್ರಾಜೆಕ್ಟಿಗೆ ಬಳಸಿದ್ದರು. ಹೆಚ್ಚಿನವರು ಹೇಳಿದ್ದು ಒಂದೇ ಮಾತು, "ಆಪಲ್ಲೇ ಇತ್ತಲ್ಲ, ಅದಕ್ಕೇ ಅಳಿಸಿಬಿಟ್ಟೆ." ಬಾಡಿಗೆ ಮನೆ ಸಿಕ್ಕಿತೆಂದು ಸ್ವಂತ ಮನೆ ಕೆಡವಿಕೊಂಡಿದ್ದರು. ನಾನು ವರ್ಷಗಟ್ಟಲೆ ಮಾಮಿಯ ಮುಂದೆ ಇದೇ ಆಪಿನ ವಕೀಲಿ ಮಾಡಿದ್ದವನು. ಅವತ್ತು ಬಾಯಿ ಮುಚ್ಚಿಕೊಂಡು ಮುಂದಿನ ನಂಬರು ಒತ್ತಿದೆ.

ಕೊನೆಗೆ ಸಿಕ್ಕಿದವರು ಪೆರಂಬೂರಿನ ಶಾಮರಾಯರು. ಹುಬ್ಬಳ್ಳಿ ಕಡೆಯವರು, ರೈಲುಡಬ್ಬಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಾಲಿಸಿ ಕೆಲಸಕ್ಕೆ ನಮ್ಮ ಕಚೇರಿಗೆ ಬಂದಾಗ ಮಾಮಿಯ ಸ್ನೇಹವಾಗಿತ್ತು. "ಅದ ರೀ, ಅದ! ಡಿಸ್ಕಿಗೆ ಹಾಕಿಸಿ ಇಟ್ಟೀನಿ. ದಿನಾ ಮುಂಜಾನೆ ಅದನ್ನ ಕೇಳೂದು," ಎಂದು ಫೋನಿನಲ್ಲೇ ಕೂಗಿದರು. ಮಾಮಿಗೆ ಹೇಳಿದೆ. ಎದ್ದು ಪರ್ಸು ತೆಗೆದುಕೊಂಡರು. "ಕೇಳಬಾರದು, ಸರಿ. ಕೊಂಡ್ಕೋಬಹುದಲ್ಲ? ನಡಿ."

ಪೆರಂಬೂರಿನ ಆ ಮೊದಲ ಮಹಡಿಯ ಹಾಲಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅವತ್ತು ಬಂದದ್ದು ತಲೆನೋವು. ಟೀಪಾಯಿಯ ಮೇಲೆ ಡಿಸ್ಕು. ಈ ಕಡೆ ಮಾಮಿ, ಆ ಕಡೆ ಶಾಮರಾಯರು.

"ರಾಯರೇ, ಬೆಲೆ ಹೇಳಿ," ಎಂದರು ಮಾಮಿ.

"ದಾನಾ ತಗೊಂಡಿದ್ದನ್ನ ಮಾರೂದು ನಮ್ಮ ಮನ್ಯಾಗ ಇಲ್ಲರೀ. ನಿಮಗ ಬೇಕಂದ್ರ ಹಂಗೇ ತಗೋರಿ."

"ಕೊಟ್ಟದ್ದನ್ನ ಹಾಗೇ ವಾಪಸ್ ತಗೊಳ್ಳೋದು ನಮ್ಮ ಮನೇಲಿ ಇಲ್ಲ."

"ಆತು ಬಿಡ್ರಿ. ನೀವು ತಗೊಳ್ಳೂಹಂಗಿಲ್ಲ, ನಾ ಮಾರೂಹಂಗಿಲ್ಲ. ಚಹಾ ಕುಡೀರಿ."

ಚೀಲದಲ್ಲಿ ಲ್ಯಾಪ್‌ಟಾಪಿದೆ, ಎರಡು ನಿಮಿಷದಲ್ಲಿ ಕಾಪಿ ಮಾಡಿಬಿಡುತ್ತೇನೆ ಎಂದೆ. ದೇವರಮನೆಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡುವ ಹಾಗೆ ಇಬ್ಬರೂ ನನ್ನನ್ನು ನೋಡಿದರು. "ಒಂದ ಕಡೆ ಇರ್ತದ ಅಂತ ಇವ್ರಿಗೆ ಮಾತು ಕೊಟ್ಟೀನ್ರಿ," ಎಂದರು ಶಾಮರಾಯರು. ಮಾಮಿ ಹೆಮ್ಮೆಯಿಂದ ತಲೆಯಾಡಿಸಿದರು. ಇಂಥ ಶಿಷ್ಯ ಸಿಕ್ಕಿದ್ದಕ್ಕೆ ಅಳಬೇಕೋ ನಗಬೇಕೋ ಗೊತ್ತಾಗದೆ ನಾನು ಚಹಾ ಕುಡಿದೆ.

ದಾರಿ ಹೊಳೆದದ್ದು ಶಾಮರಾಯರಿಗೇ. ಲೋಟ ಕೆಳಗಿಟ್ಟು, "ಹಾಡಿದಾಕಿನ ಬಂದು ಕೇಳಿದ್ರ? ಆಕಿಗೆ ನಾ ಕೊಡಬಹುದಲ್ಲ? ಆಕಿ ನನಗೇನೂ ಕೊಟ್ಟಾಕಿ ಅಲ್ಲ," ಎಂದರು. ನಾನು ಅದನ್ನು ಮಾಮಿಯ ಕಿವಿಗೆ ತಲುಪಿಸಿದೆ. ಮಾಮಿ ಕೂತಲ್ಲೇ ನೆಟ್ಟಗಾದರು. "ಕರೆಕ್ಟ್. ಮೇಘನಾಗೆ ಫೋನ್ ಹಾಕು. ಈಗಲೇ."

ಪುರಸೈವಾಕ್ಕಂ ದೂರವಲ್ಲ. ಸ್ವಲ್ಪ ಹೊತ್ತಿನಲ್ಲೇ ಆಟೊ ಬಂತು. ಆದರೆ ಅಜ್ಜಿಗೆ ಮೆಟ್ಟಿಲು ಹತ್ತಲು ಮಂಡಿ ಬಗ್ಗದು, ಶಾಮರಾಯರಿಗೆ ಇಳಿಯಲು. ಮೇಘನಾ ಅಜ್ಜಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದಳು, ನಾನು ರಾಯರ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ. ಮೆಟ್ಟಿಲು ತಿರುಗುವ ಚಿಕ್ಕ ಜಾಗದಲ್ಲಿ ಇಬ್ಬರೂ ಎದುರಾದರು. ಮಾಮಿ ಮೇಲಿನ ಮೆಟ್ಟಿಲಲ್ಲೇ ನಿಂತರು.

"ನನ್ನ ಹಾಡು ನಿಮ್ಮ ಹತ್ತಿರ ಇದೆಯಂತೆ," ಎಂದರು ಅಜ್ಜಿ, ಏದುಸಿರು ಬಿಡುತ್ತ. "ಕೊಡ್ತೀರಾಪ್ಪಾ?"

ಮಾಮಿ ಸೆರಗಿನ ತುದಿ ಬಿಚ್ಚಿ ಒಂದು ತುಳಸಿದಳ ತೆಗೆದು ರಾಯರಿಗೆ ಕೊಟ್ಟರು. "ಒಣಗಿದೆ, ಭಯ ಬೇಡ," ಎಂದರು. ರಾಯರು ಅದನ್ನಿಟ್ಟು ಡಿಸ್ಕನ್ನು ಅಜ್ಜಿಯ ಕೈಗೆ ಹಾಕಿದರು. ಆಮೇಲೆ ಯಾರಿಗೂ ಅಲ್ಲವೆಂಬಂತೆ, "ಇನ್ನ ಮುಂಜಾನೆ ನಾ ಏನು ಕೇಳ್ಲಿ?" ಎಂದರು. ಅವರ ದನಿ ಸಣ್ಣಗಾಗಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

ಅಜ್ಜಿಯ ಮನೆಯಲ್ಲಿ ಡಿಸ್ಕು ಹಾಕಿದಾಗ ನಾನೂ ಮಾಮಿಯೂ ಇದ್ದೆವು. ಪಲ್ಲವಿ ಮುಗಿಯಿತು, ಅನುಪಲ್ಲವಿ ಮುಗಿಯಿತು. ಚರಣಕ್ಕೆ ಬರುತ್ತಲೇ ಅಜ್ಜಿ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ, ಇಷ್ಟೇನಾ!" ಎಂದು ನಕ್ಕುಬಿಟ್ಟರು. ಒಡಕು ದನಿಯಲ್ಲಿ ಜೊತೆಗೇ ಹಾಡತೊಡಗಿದರು. ಮೇಘನಾ ಕಾಲು ಮಡಚಿ ಎದುರು ಕೂತು ತೊಡೆಯ ಮೇಲೆ ತಾಳ ಹಾಕುತ್ತ ಅದನ್ನೇ ಹಿಂದೆ ಹೇಳಿದಳು. ಮಾಮಿ ಯಂತ್ರವನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಅಜ್ಜಿಯ ಮುಖವನ್ನೇ ನೋಡುತ್ತ ಕೂತಿದ್ದರು.

ಮೇಘನಾ ಕಲಿತಳು. ಕಲಿತು, ತಾನೇ ಹಾಡಿ ರೆಕಾರ್ಡು ಮಾಡಿದಳು. ಅಷ್ಟು ಹೊತ್ತಿಗೆ ಮಾಮಿಯ ಕಿವಿ ಪೂರ್ತಿ ಹೋಗಿತ್ತು. ನಾವು ಫೋನಿನಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸುತ್ತಿದ್ದೆವು, ಅವರು ಓದಿ ಬಾಯಲ್ಲಿ ಉತ್ತರ ಕೊಡುತ್ತಿದ್ದರು. ಹಾಡನ್ನು ಆಪುಗಳಿಗೆ ಹಾಕುತ್ತೇನೆಂದು ಮೇಘನಾ ತಿಳಿಸಿದಾಗ ಮಾಮಿ ಅವಳನ್ನು ಕೂರಿಸಿಕೊಂಡು ಹೇಳಿದರು, "ಬಾಡಿಗೆಗೆ ಬಿಡು, ಬೇಡ ಅನ್ನಲ್ಲ. ಆದ್ರೆ ಮಾರಾಟಕ್ಕೂ ಇಡು. ಕೊಂಡ್ಕೊಳ್ಳೋರಿಗೆ ಒಂದು ವಳಿ, ಒಂದು ದಾರಿ ಇರ್ಬೇಕು." ಹಾಡುವವರೇ ನೇರವಾಗಿ ಮಾರುವ ತಾಣವೊಂದರಲ್ಲಿ ಅವಳು ಅದನ್ನು ಇಟ್ಟಳು. ಮೊದಲ ಗಿರಾಕಿ ಯಾರೆಂದು ಹೇಳಬೇಕಾಗಿಲ್ಲ.

ಅದರ ಮರುದಿನ ಮಾಮಿ ನನ್ನನ್ನು ಕರೆಸಿದರು. ಪೆನ್‌ಡ್ರೈವ್ ಸಿದ್ಧವಾಗಿತ್ತು, ಮೇಲೆ ಒಣ ತುಳಸಿ. ಕಂಪ್ಯೂಟರಿನ ಪರದೆಯಲ್ಲಿ ಖಾಲಿ ಬಿನ್ನು. ಈ ಹಾಡನ್ನು ನನಗೆ ಕೊಡುತ್ತಿದ್ದರು. ನಾನು ಫೋನಿನಲ್ಲಿ ಬರೆದು ತೋರಿಸಿದೆ: ಕೇಳಲಾಗದ ಹಾಡಿಗೆ ದುಡ್ಡು ಕೊಟ್ಟಿದ್ದೀರಿ, ಒಂದು ದಿನವಾದರೂ ಇಟ್ಟುಕೊಳ್ಳಬಾರದಿತ್ತಾ?

ಓದಿದರು. ಕನ್ನಡಕ ತೆಗೆದರು. "ಆವತ್ತು ದ್ವಾದಶಿ ದಿನ ನೀರು ಯಾಕೆ ಅಷ್ಟು ಬಿತ್ತು ಅಂದ್ಕೊಂಡಿದೀಯಾ?" ಎಂದು ಕೇಳಿದರು.

'ಭಕ್ತಿ ಉಕ್ಕಿ' ಎಂದು ಬರೆದು ತೋರಿಸಿದೆ.

"ಕೈ ನಡುಗ್ತು ಕಣೋ. ಕೊಡಕ್ಕೆ ಮನಸ್ಸೇ ಇರಲಿಲ್ಲ. ಈ ಹಾಡು ಕಿವಿಗೆ ಬಿದ್ದಿದ್ರೆ ಇವತ್ತೂ ನಡುಗ್ತಿತ್ತು. ತಗೋ."

ಅವರು ಹೋಗಿ ಈಗ ಕೆಲವು ತಿಂಗಳು. ಆ ಹಾಡನ್ನು ನಾನು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕೇಳುತ್ತಿದ್ದೆ. ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ಮೊನ್ನೆ ಬಂದ ಶಾಮರಾಯರ ಫೋನು. ಮಾಮಿಯ ಬಗ್ಗೆ ಒಂದಿಷ್ಟು ಮಾತಾಡಿ, ಸಂಕೋಚದಿಂದ ಕೇಳಿದರು. "ಆ ಹುಡುಗಿ ಹಾಡಿದ್ದು ನಿಮ್ಮ ಕಡೆ ಅದ ಅಂತ? ನನಗ ಆ ಕಾರ್ಡು ಗೀರ್ಡು ತಿಳಿಯೂದಿಲ್ಲರೀ. ಮುಂಜಾನೆ ಮನಿ ಭಣಭಣ ಅನ್ನಸ್ತದ."

ಹೊಸದಾಗಿ ಕೊಂಡು ಅವರಿಗೆ ಕಳಿಸಿಬಿಡಬಹುದಿತ್ತು, ಅದು ಸುಲಭ. ಆದರೆ ನನಗೆ ಮಾಮಿಯ ಕೈಯಿಂದ ಬಂದದ್ದನ್ನೇ ಕೊಡಬೇಕೆನಿಸಿತು. ಇಂದು ಬೆಳಿಗ್ಗೆ ಕೊನೆಯ ಸಲ ಕೇಳಿದೆ. ಡ್ರೈವಿಗೆ ಹಾಕಿ, ಸರಿಯಾಗಿ ಬಂದಿದೆಯೇ ಎಂದು ಸ್ವಲ್ಪ ಹೊತ್ತು ನುಡಿಸಿ ನೋಡಿದೆ. ನೀರಿನ ಪಾತ್ರೆಯನ್ನು ಅಡಿಗೆಮನೆಯಲ್ಲೇ ಬಿಟ್ಟು ಬಂದೆ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಅಳಿಸಿದೆ.